ಶಾಯಿ ಬಿದ್ದ ಬೆರಳು

ಸೋಮವಾರ ಬೆಳಿಗ್ಗೆ ಹತ್ತೂಕಾಲು. ಬಸಂತಿ ಬೋಹರಾ ತನ್ನ ಫೋನನ್ನು ಪಿಎಸ್‌ಐ ಪ್ರಮೋದಾ ಅವರ ಮೇಜಿನ ಮೇಲಿಟ್ಟು, ತನ್ನ ಗಂಡ ನೇಪಾಳಕ್ಕೆ ಹೋಗಿಯೇ ಇಲ್ಲ ಎಂದಳು.

ಪ್ರಮೋದಾ ಫೋನ್ ಎತ್ತಿಕೊಳ್ಳಲಿಲ್ಲ. ಮೊದಲು ಅವಳ ಮುಖ ನೋಡಿದರು.

"ಹೋಗಿಲ್ಲ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಮೇಡಂ. ಈ ಫೋಟೋ ನೋಡಿ."

ಪಕ್ಕದ ಮೇಜಿನಲ್ಲಿ ಹೆಡ್ ಕಾನ್‌ಸ್ಟೆಬಲ್ ನರಸಿಂಹಯ್ಯ ಕಾಫಿ ಲೋಟ ಕೆಳಗಿಟ್ಟರು. "ಬೆಳಿಗ್ಗೆ ಬೆಳಿಗ್ಗೆ ಏನಮ್ಮಾ ನಿಂದು? ವೋಟ್ ಹಾಕಕ್ಕೆ ಊರಿಗೆ ಹೋಗವ್ನೆ ಅಂತ ಆವತ್ತು ನೀನೇ ತಾನೆ ಹೇಳಿದ್ದು?"

"ಆವತ್ತು ನಂಗೂ ಹಂಗೇ ಗೊತ್ತಿದ್ದಿದ್ದು ಅಂಕಲ್."

ಬಸಂತಿಯ ಗಂಡ ಧನ್‌ಸಿಂಗ್, ದೇವನಹಳ್ಳಿಯ ಹೊರವಲಯದ ಒಂದು ಲೇಔಟಿನ ಕಾವಲುಗಾರ. ಆ ಲೇಔಟಿನ ಇಬ್ಬರು ಪಾಲುದಾರರಲ್ಲಿ ಒಬ್ಬನಾದ ಅಮರ್, ಫೆಬ್ರವರಿ ಇಪ್ಪತ್ತೇಳರ ಬೆಳಿಗ್ಗೆ ಅಲ್ಲಿನ ನೀರಿನ ಸಂಪಿನಲ್ಲಿ ಹೆಣವಾಗಿ ಸಿಕ್ಕಿದ್ದ. ತಲೆಯ ಹಿಂಭಾಗದ ಗಾಯ ಜಾರಿಬಿದ್ದು ಆದದ್ದಲ್ಲ ಎಂದು ಶವಪರೀಕ್ಷೆ ಮಾಡಿದ ವೈದ್ಯರು ಬರೆದಿದ್ದರು. ಆ ರಾತ್ರಿ ಗೇಟಿನಲ್ಲಿ ಯಾರೂ ಇರಲಿಲ್ಲ. ಧನ್‌ಸಿಂಗ್ ಎರಡು ದಿನ ಮೊದಲೇ ಊರಿಗೆ ಹೊರಟಿದ್ದ. ಲೇಔಟಿನವರು ಹಾಗೆಂದರು, ಬಸಂತಿಯೂ ಹಾಗೆಂದಳು. ಪ್ರಮೋದಾ ನಂಬಿದ್ದರು.

ನಂಬದಿರಲು ಕಾರಣವೂ ಇರಲಿಲ್ಲ. ಮಾರ್ಚ್ ಐದರ ಗುರುವಾರ ನೇಪಾಳದಲ್ಲಿ ಸಂಸತ್ ಚುನಾವಣೆ. ಹೊರದೇಶದಲ್ಲಿದ್ದುಕೊಂಡೇ ಮತ ಹಾಕುವ ಅವಕಾಶ ಅಲ್ಲಿನವರಿಗಿಲ್ಲ. ವಿಮಾನ ನಿಲ್ದಾಣದ ಸುತ್ತಲ ಹೋಟೆಲುಗಳ ಅಡುಗೆಮನೆಗಳಿಂದ, ಅಪಾರ್ಟ್‌ಮೆಂಟ್ ಗೇಟುಗಳಿಂದ ಎಷ್ಟೋ ಜನ ರಜೆ ಹಾಕಿ ದೆಹಲಿ ರೈಲು ಹತ್ತಿದ್ದರು. ಧನ್‌ಸಿಂಗನೂ ಅವರಲ್ಲೊಬ್ಬ ಎಂದೇ ಎಲ್ಲರ ಲೆಕ್ಕ.

ಪ್ರಮೋದಾ ಫೋನ್ ಕೈಗೆತ್ತಿಕೊಂಡರು. ಮತದಾನದ ದಿನ ಸಂಜೆ ಧನ್‌ಸಿಂಗನ ನಂಬರಿನಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ. ಸುಣ್ಣದ ಗೋಡೆಯ ಮುಂದೆ ಒಂದು ಎಡಗೈ. ತೋರುಬೆರಳು ಮೇಲೆದ್ದಿದೆ. ಉಗುರಿನಿಂದ ಕೆಳಕ್ಕೆ ಕಪ್ಪು ಗೆರೆ.

"ಶಾಯಿ ಇದೆಯಲ್ಲ."

"ಇದೆ ಮೇಡಂ. ಆದ್ರೆ ನಮ್ ಕಡೆ ಇಲ್ಲಿ ಹಾಕಲ್ಲ. ಇಲ್ಲಿ ಹಾಕ್ತಾರೆ." ಬಸಂತಿ ತನ್ನ ಎಡಗೈ ಹೆಬ್ಬೆರಳನ್ನು ಎತ್ತಿ ಅದರ ಉಗುರನ್ನು ತೋರಿಸಿದಳು.

ನರಸಿಂಹಯ್ಯ ತಮಗರಿವಿಲ್ಲದೆಯೇ ತಮ್ಮ ಎಡಗೈ ತಿರುಗಿಸಿ ನೋಡಿಕೊಂಡರು. ಹತ್ತು ಹನ್ನೆರಡು ಚುನಾವಣೆ ಕಂಡ ತೋರುಬೆರಳು.

"ನಿನ್ನೆ ನಮ್ಮೂರ ಹುಡುಗಿ ಒಬ್ಳು ಅವಳ ಫೋಟೋ ಹಾಕಿದ್ಲು," ಎಂದಳು ಬಸಂತಿ. "ಹೆಬ್ಬೆರಳು. ಆಮೇಲೆ ಎಲ್ರದ್ದೂ ನೋಡ್ದೆ. ಎಲ್ರದ್ದೂ ಹೆಬ್ಬೆರಳೇ. ಇವನೊಬ್ಬನ್ದೇ ಇದು. ಗುರುವಾರ ಇದು ಬಂದಾಗ ನಾನು ಸರಿಯಾಗಿ ನೋಡೇ ಇಲ್ಲ ಮೇಡಂ. ಸಿಟ್ಟಲ್ಲಿದ್ದೆ."

"ಯಾಕೆ ಸಿಟ್ಟು?"

"ಎರಡನೇ ಪೇಪರ್‌ಗೆ."

ಪ್ರಮೋದಾ ಕಾದರು. ಅವಸರ ಮಾಡಿದರೆ ಸಾಕ್ಷಿಯ ಮಾತು ಕೆಡುತ್ತದೆ ಎಂಬುದು ಅವರ ಅನುಭವ.

"ನಮ್ಮಲ್ಲಿ ಎರಡು ಪೇಪರ್ ಕೊಡ್ತಾರೆ ಮೇಡಂ. ಒಂದು ಮನುಷ್ಯನಿಗೆ, ಒಂದು ಪಕ್ಷಕ್ಕೆ. ಎರಡರಲ್ಲೂ ಸೀಲ್ ಒತ್ತಬೇಕು."

"ಎರಡೆರಡು ವೋಟಾ!" ನರಸಿಂಹಯ್ಯ ಕುರ್ಚಿಯನ್ನು ಇತ್ತ ಎಳೆದುಕೊಂಡರು. "ಒಂದನ್ನ ಹಾಕ್ಸೋಕೇ ನಮ್ ಪ್ರಾಣ ಹೋಗುತ್ತೆ ಇಲ್ಲಿ."

ಪ್ರಮೋದಾ ತಮ್ಮ ಫೋನಿನಲ್ಲಿ ನೋಡಿದರು. ಬಸಂತಿ ಹೇಳಿದ್ದು ಸರಿ. ಅಲ್ಲಿನ ಸಂಸತ್ತಿನ ಕೆಳಮನೆಗೆ ಒಟ್ಟು ಇನ್ನೂರ ಎಪ್ಪತ್ತೈದು ಸ್ಥಾನ. ನೂರ ಅರವತ್ತೈದಕ್ಕೆ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ನೇರವಾಗಿ ಹೋಗುತ್ತಾರೆ. ಉಳಿದ ನೂರ ಹತ್ತನ್ನು ಇಡೀ ದೇಶದಲ್ಲಿ ಪಕ್ಷಕ್ಕೆ ಬಿದ್ದ ಮತದ ಪ್ರಮಾಣ ನೋಡಿ ಹಂಚುತ್ತಾರೆ. ಅದಕ್ಕೇ ಎರಡು ಮತಪತ್ರ. ಹೆಬ್ಬೆರಳಿನ ಚಿತ್ರಗಳೂ ಬೇಕಾದಷ್ಟು ಸಿಕ್ಕವು.

"ನಮ್ ತಾಯಿ ತಮ್ಮ ಈ ಸಲ ಯಾವ ಪಕ್ಷಾನೂ ಇಲ್ದೆ ನಿಂತಿದ್ರು," ಬಸಂತಿ ಮುಂದುವರಿಸಿದಳು. "ಮೊದಲನೇ ಪೇಪರ್ ಅವ್ರಿಗೆ. ಅದ್ರಲ್ಲಿ ಜಗಳ ಇಲ್ಲ. ಎರಡನೇ ಪೇಪರಲ್ಲಿ ಮಾಮಾ ಇಲ್ವಲ್ಲ, ಅಲ್ಲಿ ಬರೀ ಪಕ್ಷ. ನಾನು ಹಳೇ ಪಕ್ಷ ಅಂದೆ. ಅವನು ಹೊಸ ಹುಡುಗರ ಪಕ್ಷ ಅಂದ. ಒಂದು ತಿಂಗಳು ಜಗಳ ಮೇಡಂ. ರೊಟ್ಟಿ ಮಾಡಲ್ಲ ಹೋಗು ಅಂದೆ. ಬೇಡ ಬಿಡು, ಹೋಟ್ಲಲ್ಲಿ ತಿಂತೀನಿ ಅಂದ. ಹೋಟ್ಲಲ್ಲೂ ರೊಟ್ಟಿ ಮಾಡೋಳು ನಾನೇ."

ನರಸಿಂಹಯ್ಯ ನಕ್ಕರು. ಬಸಂತಿಗೂ ಅರೆಕ್ಷಣ ನಗು ಬಂತು.

"ಹೋಗೋ ದಿನ ಬಾಗಿಲಲ್ಲಿ ನಿಂತು ಹೇಳ್ದ. ಬೂತ್ ಒಳಗೆ ನೀನು ಬರಲ್ಲ, ಯಾವ್ದಕ್ಕೆ ಒತ್ತಿದೆ ಅಂತ ಆಚೆ ಬಂದು ಹೇಳ್ತೀನಿ, ಉರ್ಕೋ ಅಂತ. ಈಗ ಈ ಮೆಸೇಜ್ ನೋಡಿ."

ಫೋಟೋದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಹಿಂದಿಯ ಮೂರು ಸಾಲು. ಮತ ಹಾಕಿದೆ. ಮಾಮಾನಿಗೇ ಹಾಕಿದೆ. ಚೆನ್ನಾಗಿದ್ದೇನೆ.

"ಎರಡನೇದ್ರ ಮಾತೇ ಇಲ್ಲ. ನಾನು ಕೇಳಿ ಕೇಳಿ ಕಳಿಸ್ದೆ, ಫೋನ್ ಆಫ್. ಬೇಕಂತ ಕಾಡಿಸ್ತಿದಾನೆ ಅಂದ್ಕೊಂಡೆ. ಆದ್ರೆ ನನ್ನ ಉರ್ಸೋ ಚಾನ್ಸ್ ಬಿಡೋ ಮನುಷ್ಯ ಅಲ್ಲ ಮೇಡಂ ಅವನು."

ಅಂದರೆ ಈ ಮೂರು ಸಾಲು ಬರೆದವನಿಗೆ ಮಾವನ ವಿಷಯ ಗೊತ್ತಿತ್ತು. ಗಂಡಹೆಂಡಿರ ಜಗಳ ಗೊತ್ತಿರಲಿಲ್ಲ. ಒಬ್ಬನಿಗೆ ಎರಡು ಮತ ಇರಬಹುದು ಎಂಬುದೂ ಗೊತ್ತಿರಲಿಲ್ಲ.

"ಈ ಬೆರಳು ಯಾರದ್ದು?" ಪ್ರಮೋದಾ ಕೇಳಿದರು.

"ಅವನದೇ."

"ಹೇಗೆ ಹೇಳ್ತೀಯಮ್ಮ?"

ಬಸಂತಿ ಫೋಟೋವನ್ನು ದೊಡ್ಡದು ಮಾಡಿದಳು. ಉಗುರು ನಡುವೆ ಉದ್ದಕ್ಕೆ ಸೀಳಿ ಎರಡು ದಿಕ್ಕಿಗೆ ಬೆಳೆದಿತ್ತು. "ಲೇಔಟ್ ಗೇಟಿಗೆ ಸಿಕ್ಕಾಕ್ಕೊಂಡಿದ್ದು. ಎರಡು ತಿಂಗಳು ನಾನೇ ಔಷಧಿ ಹಚ್ಚಿ ಬಟ್ಟೆ ಕಟ್ಟಿದೀನಿ ಮೇಡಂ. ಈ ಉಗುರು ಗೊತ್ತಾಗಲ್ವಾ ನಂಗೆ?"

"ಹಿಂದೆ ಅವನು ಮತ ಹಾಕಿದ್ದಾನಾ?"

"ಎರಡು ಸಲ."

"ಹಾಗಾದ್ರೆ ಶಾಯಿ ಯಾವ ಬೆರಳಿಗೆ ಹಾಕ್ತಾರೆ ಅಂತ ಅವನಿಗೆ ಗೊತ್ತು."

ಬಸಂತಿ ಹೂಂಗುಟ್ಟಿದಳು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು:

"ಬದುಕಿದಾನಾ ಮೇಡಂ?"

"ಗುರುವಾರ ಬದುಕಿದ್ದ."

ಅದಕ್ಕಿಂತ ಹೆಚ್ಚು ಪ್ರಮೋದಾ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವರು ಹೇಳಲಿಲ್ಲ. ಫೋಟೋ ಮತ್ತು ಧನ್‌ಸಿಂಗನ ಒಂದು ಚಿತ್ರವನ್ನು ತಮ್ಮ ಫೋನಿಗೆ ಕಳಿಸಿಕೊಂಡು, ಹೋಟೆಲಿಗೆ ಹೋಗಿ ಕೆಲಸ ಮಾಡಿಕೊಂಡಿರು, ಯಾರಿಗೂ ಏನೂ ಹೇಳಬೇಡ ಎಂದು ಬಸಂತಿಯನ್ನು ಕಳಿಸಿದರು. ಧನ್‌ಸಿಂಗನ ಫೋನ್ ಯಾವ ಟವರಿನಡಿ ಇತ್ತೆಂಬ ವಿವರಕ್ಕೆ ಬರೆದು ಹಾಕಿದರು. ಉತ್ತರ ಸಂಜೆಗೆ ಮುಂಚೆ ಬರುವಂತಿರಲಿಲ್ಲ.

ಆಮೇಲೆ ಒಂದು ತಪ್ಪು ಮಾಡಿದರು. ಲೇಔಟಿನ ಸೂಪರ್‌ವೈಸರ್ ಕೆಂಪರಾಜನಿಗೆ ಫೋನ್ ಮಾಡಿ, "ಅಲ್ಲೇ ಇದ್ದೀರಾ? ನಿಮ್ಮ ಕಾವಲುಗಾರನ ಬಗ್ಗೆ ಒಂದೆರಡು ಪ್ರಶ್ನೆ ಇದೆ, ಬರ್ತಿದ್ದೀನಿ," ಎಂದರು. ಅವನು ಬೇರೆಲ್ಲಾದರೂ ಹೋಗಿದ್ದರೆ ಸುಮ್ಮನೆ ದಾರಿ ಸವೆಸಬೇಕಲ್ಲ ಎಂಬುದಷ್ಟೇ ಅವರ ಯೋಚನೆ.

*

ಧನ್‌ಸಿಂಗನನ್ನು ಯಲಹಂಕ ಸ್ಟೇಷನ್ನಿಗೆ ಬೈಕಿನಲ್ಲಿ ಬಿಟ್ಟು ಬಂದೆ ಎಂದು ಹೇಳಿಕೆ ಕೊಟ್ಟಿದ್ದವನು ಈ ಕೆಂಪರಾಜ್. ಸಾಸಲು ಕಡೆಯವನು. ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು.

ಲೇಔಟಿನಲ್ಲಿ ರಸ್ತೆಗಳಿಗೆ ಜಲ್ಲಿ ಬಿದ್ದಿತ್ತು. ಸೈಟುಗಳ ಮೂಲೆಗಳಲ್ಲಿ ನಂಬರ್ ಬರೆದ ಕಲ್ಲುಗಳು. ಅಮರ್ ಸಿಕ್ಕ ಸಂಪಿನ ಬಾಯಿಗೆ ಈಗ ಕಬ್ಬಿಣದ ಮುಚ್ಚಳ ಬಂದಿತ್ತು.

"ಬನ್ನಿ ಮೇಡಂ, ಬನ್ನಿ ಅಣ್ಣ. ಎಳನೀರು ತರ್ಸ್ಲಾ?"

"ಬೇಡ. ಧನ್‌ಸಿಂಗ್ ಎಲ್ಲಿದ್ದಾನೆ?"

"ಯಾರು ಮೇಡಂ?"

"ನಿಮ್ಮ ಕಾವಲುಗಾರ."

"ಓ, ಬಹದ್ದೂರಾ! ಧನ್‌ಸಿಂಗ್ ಅಂದ್ರಲ್ಲ, ಯಾರೋ ಅಂದ್ಕೊಂಡೆ."

"ಮೂರು ವರ್ಷದಿಂದ ನಿನ್ನ ಗೇಟ್ ಕಾಯ್ತಾವ್ನೆ," ಎಂದರು ನರಸಿಂಹಯ್ಯ. "ಹೆಸ್ರು ಗೊತ್ತಿಲ್ವೇನಯ್ಯಾ?"

"ನಮ್ಗೆ ಎಲ್ರೂ ಬಹದ್ದೂರೇ ಅಲ್ವಾ ಅಣ್ಣ. ಅವನಿಗಿಂತ ಮೊದಲು ಇದ್ದವ್ನೂ ಬಹದ್ದೂರೇ."

ಪ್ರಮೋದಾ ಕುರ್ಚಿ ಎಳೆದುಕೊಂಡು ಕೂತರು. ಕೆಂಪರಾಜ್ ನಿಂತೇ ಇದ್ದ. ಕಚೇರಿಯೆಂದರೆ ತಗಡಿನ ಒಂದು ಕೋಣೆ, ಬಿಸಿಲಿಗೆ ಕಾದಿತ್ತು.

"ಊರು ತಲುಪಿದ್ನಂತಾ?"

"ಯಾವತ್ತೋ ತಲುಪಿದ ಮೇಡಂ. ವೋಟೂ ಹಾಕ್ದ. ಅವ್ರ ಮಾವ ನಿಂತಿದ್ರಲ್ಲ, ಅವ್ರಿಗೇ ಹಾಕಿದ್ದು. ಗೇಟಲ್ಲಿ ಬಂದೋರ್ಗೆಲ್ಲ ಅದೇ ಹೇಳ್ತಿದ್ದ, ನಮ್ಮ ಮಾಮಾ ಎಂಪಿ ಆಗ್ತಾರೆ ಅಂತ."

"ಇನ್ನೊಂದು ಯಾರಿಗೆ ಹಾಕಿದ?"

"ಇನ್ನೊಂದಾ?"

"ಇನ್ನೊಂದು ಮತ."

ಕೆಂಪರಾಜ್ ನರಸಿಂಹಯ್ಯನವರ ಮುಖ ನೋಡಿದ, ಮೇಡಂ ತಮಾಷೆ ಮಾಡುತ್ತಿದ್ದಾರೋ ಏನೋ ಎಂಬಂತೆ. "ಒಬ್ಬನ್ಗೆ ಎರಡು ವೋಟಾ ಮೇಡಂ? ಕಳ್ಳ ವೋಟ್ ಹಾಕಿದ್ನಾ?"

"ಇಲ್ಲ. ಸುಮ್ಮನೆ ಕೇಳಿದೆ. ಹಾಕಿದ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಫೋಟೋ ಕಳ್ಸಿದ್ನಲ್ಲ."

"ಯಾರಿಗೆ?"

ಕೆಂಪರಾಜ್ ಜೇಬು ಮುಟ್ಟಿಕೊಂಡ. "ನಂಗೇ."

"ತೋರಿಸಿ."

"ಡಿಲೀಟ್ ಆಗೋಯ್ತು ಮೇಡಂ. ಫೋನ್ ತುಂಬಿತ್ತು."

"ಏನಿತ್ತು ಅದ್ರಲ್ಲಿ?"

"ಬೆರಳು. ಶಾಯಿ ಹಾಕಿದ್ದು."

"ಯಾವ ಬೆರಳು?"

ಕೆಂಪರಾಜ್ ಯೋಚಿಸಲೇ ಇಲ್ಲ. ಎಡಗೈ ತೋರುಬೆರಳನ್ನು ಎತ್ತಿ ಹಿಡಿದ. "ಇದೇ ಮೇಡಂ. ಎಲ್ರಿಗೂ ಇದಕ್ಕೇ ತಾನೆ ಹಾಕೋದು?"

"ಇಲ್ಲಿ ಇದಕ್ಕೆ. ಅಲ್ಲಿ ಹೆಬ್ಬೆರಳಿಗೆ."

ಅಷ್ಟರಲ್ಲಿ ಒಂದು ವಿಮಾನ ತಗಡಿನ ಮೇಲೇ ಹಾದುಹೋದಂತೆ ಕೆಳಗಿಳಿಯಿತು. ಅದು ದಾಟುವವರೆಗೆ ಯಾರ ಮಾತೂ ಕೇಳುವಂತಿರಲಿಲ್ಲ. ಸದ್ದು ಅಡಗಿದಾಗ ಕೆಂಪರಾಜನ ಬೆರಳು ಇನ್ನೂ ಮೇಲೆಯೇ ಇತ್ತು. ಅವನು ಅದನ್ನೇ ನೋಡುತ್ತಿದ್ದ.

"ಥೂ ನನ್ಮಗನೆ," ಎಂದ. ಪ್ರಮೋದಾ ಅವರಿಗೆ ಹೇಳಿದ್ದಲ್ಲ.

"ಏನು?"

"ಅವನೇ ಚಾಚಿದ್ದು ಮೇಡಂ. ನಾನು ಕೇಳ್ದೆ. ಯಾವ ಬೆರಳೋ ಅಂತ ಕೇಳೇ ಹಾಕಿದ್ದು ನಾನು. ಇದೇ ಅಂತ ಅವನೇ ಚಾಚ್ದ!"

ನರಸಿಂಹಯ್ಯ ಬಾಗಿಲಿಗೆ ಅಡ್ಡ ಬಂದು ನಿಂತರು. ಅದರ ಅಗತ್ಯವಿರಲಿಲ್ಲ. ಕೆಂಪರಾಜ್ ಅಷ್ಟು ಹೊತ್ತಿಗೆ ಸಿಮೆಂಟ್ ಚೀಲದ ಮೇಲೆ ಕೂತುಬಿಟ್ಟಿದ್ದ.

"ಯಾವುದರಲ್ಲಿ ಹಾಕಿದ್ರಿ?"

"ಸೈಟ್ ಕಲ್ಲಿಗೆ ನಂಬರ್ ಬರೀತೀವಲ್ಲ, ಆ ಮಾರ್ಕರ್."

"ಎಲ್ಲಿ?"

"ವೇಣು ಅಣ್ಣನ ತೋಟ. ತೂಬಗೆರೆ ಹತ್ರ."

ವೇಣು ಅಣ್ಣ ಎಂದರೆ ವೇಣುಗೋಪಾಲ್. ಲೇಔಟಿನ ಇನ್ನೊಬ್ಬ ಪಾಲುದಾರ. ಅಮರ್ ಸತ್ತ ರಾತ್ರಿ ತಾನು ತಿರುಪತಿ ದಾರಿಯಲ್ಲಿದ್ದೆ ಎಂದು ಹೇಳಿದ್ದ ಮನುಷ್ಯ.

"ಮೊದಲಿಂದ ಹೇಳಿ," ಎಂದರು ಪ್ರಮೋದಾ.

ಕೆಂಪರಾಜ್ ಹೇಳಿದ. ಇಪ್ಪತ್ತೈದನೇ ತಾರೀಖು ಬಹದ್ದೂರ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿಗೆ ಬಂದಿದ್ದ, ಇಲ್ಲಿಂದ ಸ್ಟೇಷನ್ನಿಗೆ ಬೈಕಿನಲ್ಲಿ ಬಿಡುವುದೆಂದು ಮಾತಾಗಿತ್ತು. ಬದಲಿ ಕಾವಲುಗಾರ ಕೈಕೊಟ್ಟಿದ್ದ. ಎರಡು ದಿನ ಇದ್ದು ಹೋಗು, ತತ್ಕಾಲ್ ಟಿಕೆಟ್ ಮಾಡಿಸಿಕೊಡುತ್ತೇನೆ, ವೋಟಿನ ಹೊತ್ತಿಗೆ ಮುಟ್ಟುತ್ತೀಯ ಎಂದು ಇವನೇ ತಡೆದ.

"ಹೆಂಡತಿಗೆ ಯಾಕೆ ತಿಳಿಸಲಿಲ್ಲ?"

"ಅವನೇ ಬೇಡ ಅಂದ ಮೇಡಂ. ರೈಲು ಬಿಟ್ಟೆ ಅಂತ ಗೊತ್ತಾದ್ರೆ ಸಾಯ್ಸಿಬಿಡ್ತಾಳೆ, ಅವಳ ಮಾವನ ಕಥೆ ಇದು, ನಾನು ರೈಲಲ್ಲೇ ಇದ್ದೀನಿ ಅಂದ್ಕೊಂಡಿರ್ಲಿ ಅಂದ. ನಾವು ನಕ್ಕೊಂಡು ಸುಮ್ನಾದ್ವಿ."

"ಇಪ್ಪತ್ತಾರರ ರಾತ್ರಿ?"

"ನಾನು ಊಟದ ಹೊತ್ತಿಗೆ ಮನೆಗೆ ಹೋದೆ. ದೇವರಾಣೆ ಮೇಡಂ. ಬೆಳಗಾನೆ ವೇಣು ಅಣ್ಣ ಫೋನ್ ಮಾಡಿ, ಬಹದ್ದೂರ್ ನಮ್ಮ ತೋಟದಲ್ಲವ್ನೆ, ಅವನು ಊರಿಗೆ ಹೋದ ಅಂತ್ಲೇ ಎಲ್ರಿಗೂ ಹೇಳು ಅಂದ್ರು. ಆಮೇಲೆ ಬಂದ್ ನೋಡಿದ್ರೆ ಸಂಪಲ್ಲಿ ಅಮರ್ ಅಣ್ಣ."

"ಆಗಲೂ ನೀವು ಏನೂ ಕೇಳಲಿಲ್ಲ."

"ಇಲ್ಲ."

"ಅವನು ಏನು ನೋಡಿದ್ದಾನೆ ಅಂತ ಅವನನ್ನೂ ಕೇಳಲಿಲ್ಲ."

"ಇಲ್ಲ ಮೇಡಂ. ಅವನೂ ಹೇಳಲಿಲ್ಲ."

"ಫೋಟೋ ಯಾರ ಯೋಚನೆ?"

"ವೇಣು ಅಣ್ಣಂದು. ವೋಟ್ ಆದ್ಮೇಲೆ ಹೆಂಡ್ತಿ ಹುಡುಕಕ್ಕೆ ಶುರು ಮಾಡ್ತಾಳೆ, ಒಂದು ಫೋಟೋ ಹೋದ್ರೆ ಸುಮ್ನಿರ್ತಾಳೆ ಅಂದ್ರು. ನಾನು ಹೋಗಿ ಹಾಕ್ದೆ. ಮೆಸೇಜೂ ನಾನೇ ಒತ್ತಿದ್ದು. ಯಾರಿಗೆ ಹಾಕ್ದೆ ಅಂತ ಬರೀಲೋ ಅಂದೆ, ಮಾಮಾನಿಗೆ ಅಂತ ಬರಿ ಅಂದ. ಆಮೇಲೆ ಏನೂ ಮಾತಾಡ್ಲಿಲ್ಲ, ಗೋಡೆ ಕಡೆ ತಿರುಗಿ ಮಲ್ಕೊಂಡ." ಕೆಂಪರಾಜ್ ಅಂಗೈಯಿಂದ ಮುಖ ಒರೆಸಿಕೊಂಡ. "ಚೆನ್ನಾಗೇ ನೋಡ್ಕೊಂಡಿದೀವಿ ಮೇಡಂ. ಟೈಮಿಗೆ ಊಟ. ಫ್ಯಾನ್ ಇದೆ."

"ಬಾಗಿಲಿಗೆ ಬೀಗ?"

"ಆಚೆಯಿಂದ."

ಧನ್‌ಸಿಂಗ್ ತನ್ನ ಹೆಂಡತಿಗೆ ಕಳಿಸಬಹುದಾಗಿದ್ದ ಒಂದೇ ಸುದ್ದಿಯನ್ನು, ತನ್ನನ್ನು ಕೂಡಿಹಾಕಿದವರ ಕೈಯಿಂದಲೇ ಕಳಿಸಿದ್ದ. ಅದು ಅವಳ ಕಣ್ಣಿಗೆ ಬೀಳಲು ಮೂರು ದಿನ ಹಿಡಿದಿತ್ತು. ಪ್ರಮೋದಾ ಎದ್ದು ನಿಂತರು.

"ಇವತ್ತು ನಾನು ಫೋನ್ ಮಾಡಿದ ಮೇಲೆ ನೀವು ಯಾರಿಗೆ ಮಾಡಿದ್ರಿ?"

ಕೆಂಪರಾಜ್ ಜೇಬಿನಿಂದ ಒಂದು ಫೋನ್ ತೆಗೆದು ಅವರ ಕೈಗೆ ಕೊಟ್ಟ. ಪ್ರಮೋದಾ ಅವರ ಕರೆಯ ಮೇಲಿನ ಸಾಲಿನಲ್ಲೇ, ಅದು ಮುಗಿದ ಕೂಡಲೇ ಮಾಡಿದ ಇನ್ನೊಂದು ಕರೆ. ವೇಣು ಅಣ್ಣ.

"ಏನಂದ್ರಿ?"

"ಪೊಲೀಸ್ನೋರು ಬಹದ್ದೂರ್ ವಿಷಯ ಕೇಳಕ್ಕೆ ಬರ್ತಾವ್ರೆ ಅಂದೆ."

"ಅವರು?"

"ಸರಿ ಅಂದ್ರು. ಅಷ್ಟೇ."

*

ಜೀಪು ತೂಬಗೆರೆ ಮುಟ್ಟಿದಾಗ ಒಂದೂಕಾಲು. ಕೆಂಪರಾಜ್ ಹಿಂದಿನ ಸೀಟಿನಲ್ಲಿ ಕೂತು ದಾರಿ ಹೇಳಿದ. ಊರು ದಾಟಿ ಎಡಕ್ಕೆ, ಮಣ್ಣಿನ ರಸ್ತೆ, ದ್ರಾಕ್ಷಿ ಚಪ್ಪರ, ಅದರ ತುದಿಗೆ ಪಂಪ್‌ಹೌಸಿಗೆ ಅಂಟಿಕೊಂಡ ಒಂದು ಕೋಣೆ.

ಬಾಗಿಲು ತೆರೆದಿತ್ತು. ಒಳಗೆ ಮಂಚ, ಮಡಿಸಿಟ್ಟ ಕಂಬಳಿ, ತಿರುಗುತ್ತಿದ್ದ ಫ್ಯಾನು. ಮನುಷ್ಯರಿಲ್ಲ. ಗೋಡೆಯ ಸುಣ್ಣ ಫೋಟೋದಲ್ಲಿದ್ದದ್ದೇ. ನೆಲದಲ್ಲಿ, ಮಂಚದ ಮೇಲೆ ಎಲ್ಲೂ ರಕ್ತದ ಕಲೆ ಇರಲಿಲ್ಲ. ಪ್ರಮೋದಾ ಅದನ್ನು ಎರಡು ಸಲ ನೋಡಿ ಖಚಿತ ಮಾಡಿಕೊಂಡರು.

ಚಪ್ಪರದ ಕಡೆಯಿಂದ ವಯಸ್ಸಾದ ಹೆಂಗಸೊಬ್ಬಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ತೋಟ ನೋಡಿಕೊಳ್ಳುವ ವರಲಕ್ಷ್ಮಮ್ಮ ಎಂದು ಕೆಂಪರಾಜ್ ಹೇಳಿದ.

"ಯಾರ್ ಬೇಕಿತ್ತವ್ವ?"

"ಈ ಕೋಣೇಲಿ ಇದ್ದವನು ಎಲ್ಲಮ್ಮ?"

"ಆ ನೇಪಾಳದ ಹುಡುಗನಾ? ಹೋದನಲ್ಲ. ವೇಣಪ್ಪ ಬಂದು ಕಾರಲ್ಲಿ ಕರ್ಕೊಂಡು ಹೋದ."

"ಎಷ್ಟು ಹೊತ್ತಾಯ್ತು?"

"ಆಗ್ಲೇ. ಹನ್ನೊಂದೂವರೆ ಬಸ್ಸು ಹೋಗ್ತಿತ್ತು, ಅದರ ಹಿಂದೆ ಹೋದ್ರು."

"ಎಳ್ಕೊಂಡು ಹೋದ್ರಾ?"

"ಅಯ್ಯೋ, ಯಾಕ್ ಎಳೀತಾರೆ? ಇಬ್ರೂ ಮಾತಾಡ್ಕೊಂಡು ಹೋದ್ರು. ಆ ಹುಡುಗ ಮುಂದಗಡೆನೇ ಕೂತ್ಕೊಂಡ. ಹೋಗೋವಾಗ ಬರ್ತೀನಿ ಅಮ್ಮಾ ಅಂತ ಕೈ ಮುಗ್ದ. ಒಳ್ಳೆ ಹುಡುಗ. ಹಗಲೆಲ್ಲ ನನ್ಜೊತೆ ಹಣ್ಣು ಬಿಡಿಸ್ತಿದ್ದ."

ಪ್ರಮೋದಾ ಕೆಂಪರಾಜನ ಕಡೆ ತಿರುಗಿದರು. ಅವನು ಬಾಯಿ ತೆರೆದುಕೊಂಡು ವರಲಕ್ಷ್ಮಮ್ಮನನ್ನು ನೋಡುತ್ತಿದ್ದ.

"ಬೀಗ ಹಾಕು ಅಂತ ಹೇಳಿದ್ವಲ್ಲಮ್ಮೋ!"

"ಹೇಳಿದ್ರಿ. ನೀವು ಬರೋ ಸದ್ದು ಕೇಳ್ದಾಗ ಹಾಕ್ತಿದ್ದೆ. ಬದುಕಿರೋ ಮನುಷ್ಯನ್ನ ಹಗಲೊತ್ತು ಕೂಡಿ ಹಾಕಕ್ಕಾಯ್ತದೇನಪ್ಪಾ?"

"ಅಂದ್ರೆ ಅವನು ಬೇಕಾದಾಗ ಹೋಗಬಹುದಿತ್ತು," ಎಂದರು ಪ್ರಮೋದಾ, ನಿಧಾನವಾಗಿ.

"ನಾನೂ ಅದೇ ಅಂದೆ ಕಣವ್ವ. ರಸ್ತೆ ಅಲ್ಲೇ ಐತೆ, ಬಸ್ಸು ಬರ್ತದೆ, ಹೋಗ್ಬಿಡೋ ಮಗಾ ಅಂದೆ. ಇಲ್ಲಮ್ಮ, ವೇಣು ಸಾರ್ ಜೊತೆ ಮಾತು ಐತೆ, ಅದು ಮುಗಿಸ್ಕೊಂಡು ಹೋಗ್ತೀನಿ ಅಂದ."

"ಏನು ಮಾತು?"

"ಅದ್ ಹೇಳ್ಲಿಲ್ಲ."

ಪ್ರಮೋದಾ ಬಸಂತಿಯ ನಂಬರಿಗೆ ಫೋನ್ ಮಾಡಿದರು. ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದರು. ಆಮೇಲೆ ಹೋಟೆಲಿಗೆ. ಕ್ಯಾಶಿನಲ್ಲಿ ಕೂರುವ ಆಶಾರಾಣಿ ಎತ್ತಿಕೊಂಡಳು. ಹಿಂದೆ ಪಾತ್ರೆಗಳ ಸದ್ದು, ಊಟದ ಗಲಾಟೆ.

"ಬಸಂತಿನಾ ಮೇಡಂ? ಹೋಗ್ಬಿಟ್ಲು. ಊಟದ ಟೈಮು, ಹಿಟ್ಟು ಹಂಗೇ ಬಿಟ್ಟು ಹೋಗವ್ಳೆ ನೋಡಿ, ನಾನೇ ಈಗ ಒಳಗೂ ಹೊರಗೂ ಓಡಾಡ್ತಿದ್ದೀನಿ."

"ಯಾವಾಗ ಹೋದ್ಲು?"

"ಹನ್ನೆರಡೂಕಾಲು ಇರ್ಬೋದು. ಒಂದು ಫೋನ್ ಬಂತು. ಅವ್ರ ಭಾಷೇಲಿ ಏನೋ ಕೂಗಾಡಿದ್ಲು, ಬೈದ್ಲು, ಅತ್ಲು, ಆಮೇಲೆ ನಕ್ಕಳು. ನನ್ನ ಗಂಡ ಬಂದ ಅಕ್ಕಾ ಅಂದ್ಲು. ಕೈ ಕೂಡ ತೊಳೀಲಿಲ್ಲ."

"ಅವನನ್ನ ನೀವು ನೋಡಿದ್ರಾ?"

"ಇಲ್ಲ ಮೇಡಂ. ರೋಡಾಚೆ ಬಿಳಿ ಕಾರು ನಿಂತಿತ್ತು. ಹಿಂದಗಡೆ ಬಾಗಿಲು ತೆಗೆದು ಹತ್ತಿದ್ಲು. ಒಳಗೆ ಯಾರಿದ್ರು ಅಂತ ಕಾಣ್ಲಿಲ್ಲ. ಏನಾದ್ರೂ ತೊಂದ್ರೆನಾ ಮೇಡಂ?"

ಗೊತ್ತಿಲ್ಲ ಎಂದು ಹೇಳಿ ಪ್ರಮೋದಾ ಫೋನ್ ಇಟ್ಟರು. ಬೆಳಿಗ್ಗೆ ಠಾಣೆಯಿಂದ ಅವಳನ್ನು ಒಬ್ಬಳೇ ಕಳಿಸಿದ್ದು ತಾವೇ. ಗಂಡ ಕರೆದರೆ ಅವಳು ಹೋಗದೆ ಇರುತ್ತಾಳೆಯೇ ಎಂಬ ಪ್ರಶ್ನೆ ಆಗ ಬಂದಿರಲಿಲ್ಲ.

ವೇಣುಗೋಪಾಲನ ಕಾರಿನ ನಂಬರ್ ಕೆಂಪರಾಜನಿಗೆ ಬಾಯಿಪಾಠವಾಗಿತ್ತು. ಪ್ರಮೋದಾ ಅದನ್ನು ಕಂಟ್ರೋಲ್ ರೂಮಿಗೆ ಕೊಟ್ಟು, ಸುತ್ತಲಿನ ಟೋಲುಗಳಲ್ಲಿ ನೋಡಲು ಹೇಳಿದರು. ವೇಣುಗೋಪಾಲನ ಫೋನಿಗೆ ಮಾಡಿದರು. ರಿಂಗ್ ಆಯಿತು, ಯಾರೂ ಎತ್ತಲಿಲ್ಲ.

"ಮುಗ್ಸಿಬಿಡ್ತಾನೆ ಮೇಡಂ ಅವನು," ನರಸಿಂಹಯ್ಯ ತಗ್ಗಿದ ದನಿಯಲ್ಲಿ ಹೇಳಿದರು. "ಸಾಕ್ಷಿನೂ, ಸಾಕ್ಷಿ ಹೆಂಡ್ತಿನೂ ಒಂದೇ ಕಾರಲ್ಲಿ. ಈ ಕಡೆ ಬೇಕಾದಷ್ಟು ಕಲ್ಲುಕ್ವಾರಿ ಐತೆ."

ಪ್ರಮೋದಾ ಅವರಿಗೂ ಅದೇ ಭಯ. ವರಲಕ್ಷ್ಮಮ್ಮ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಯಾರೂ ಕುಡಿಯಲಿಲ್ಲ.

ಕಂಟ್ರೋಲ್ ರೂಮಿನಿಂದ ಫೋನ್ ಬಂತು. ಹೈದರಾಬಾದ್ ಹೆದ್ದಾರಿಯಲ್ಲಿ, ಬಾಗೇಪಲ್ಲಿ ಟೋಲನ್ನು ಆ ಕಾರು ಸ್ವಲ್ಪ ಹೊತ್ತಿಗೆ ಮುಂಚೆ ದಾಟಿದೆ. ಆಂಧ್ರದ ಕಡೆಗೆ. ಕ್ಯಾಮೆರಾದ ಚಿತ್ರ ಕಳಿಸುತ್ತಿದ್ದೇವೆ.

ಚಿತ್ರ ತೆರೆದುಕೊಳ್ಳಲು ಸಮಯ ಹಿಡಿಯಿತು. ತೋಟದಲ್ಲಿ ಸಿಗ್ನಲ್ ಕಡಿಮೆ. ಮೊದಲು ಕಾರಿನ ಮೂತಿ ಬಂತು, ಆಮೇಲೆ ಗಾಜು. ಹಿಂದಿನ ಸೀಟಿನ ನಡುವೆ ಬಸಂತಿ, ಮುಂದಕ್ಕೆ ಬಾಗಿ ಏನೋ ಹೇಳುತ್ತಿದ್ದಳು. ಪ್ರಮೋದಾ ಬೆಳಿಗ್ಗೆ ಕಳಿಸಿಕೊಂಡಿದ್ದ ಧನ್‌ಸಿಂಗನ ಚಿತ್ರವನ್ನು ತೆರೆದು ಇದರ ಪಕ್ಕ ಹಿಡಿದರು. ನರಸಿಂಹಯ್ಯನವರಿಗೂ ತೋರಿಸಿದರು.

ಕಾರು ಓಡಿಸುತ್ತಿದ್ದವನು ಧನ್‌ಸಿಂಗ್.

ಅವನ ಪಕ್ಕದ ಸೀಟು ಖಾಲಿ. ಹಿಂದೆ ಬಸಂತಿಯನ್ನು ಬಿಟ್ಟರೆ ಯಾರೂ ಇಲ್ಲ. ವೇಣುಗೋಪಾಲ್ ಕಾರಿನಲ್ಲಿ ಇರಲಿಲ್ಲ.

"ಇಲ್ಲಿಂದ ದೇವನಹಳ್ಳಿಗೆ ಯಾವ ದಾರೀಲಿ ಹೋಗಿರ್ತಾರೆ?" ಪ್ರಮೋದಾ ವರಲಕ್ಷ್ಮಮ್ಮನನ್ನು ಕೇಳಿದರು.

"ನೀವ್ ಬಂದ್ರಲ್ಲ, ಅದೇ ದಾರಿ ಕಣವ್ವ. ಬೇರೆ ಎಲ್ಲೈತೆ?"

ಎರಡು ಗಂಟೆಗೆ ಜೀಪು ವೇಣುಗೋಪಾಲನನ್ನು ಹುಡುಕುತ್ತ ಬಂದ ದಾರಿಯಲ್ಲೇ ಹಿಂದಿರುಗಿತು. ಸೈಕಲ್ಲಿನವರು ದಾಟಿಕೊಂಡು ಹೋಗುವಷ್ಟು ನಿಧಾನ. ಪ್ರಮೋದಾ ರಸ್ತೆಯ ಎಡಬದಿಯ ಚರಂಡಿಯನ್ನು ನೋಡುತ್ತಾ ಹೋದರು, ನರಸಿಂಹಯ್ಯ ಬಲಬದಿಯದನ್ನು.